ಎಕ್ಸ್‌ಪ್ರೆಸ್ ಬೋಗಿಯ ಇಳಿವಯಸ್ಸು

ದಾವಣಗೆರೆಯಿಂದ ಹರಿಹರಕ್ಕೆ ರೈಲಿನಲ್ಲಿ ಸುಮಾರು 14 ಕಿಲೋಮೀಟರು. ನಡುವೆ ಅಮರಾವತಿ ಕಾಲೊನಿ ಎಂಬ ಪುಟ್ಟ ನಿಲ್ದಾಣ. ಕೂತು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಊರು ಬಂದಿರುತ್ತದೆ. ಇಷ್ಟು ಸಣ್ಣ ಪಯಣಕ್ಕೆ ಪ್ಯಾಸೆಂಜರ್ ಗಾಡಿಯಲ್ಲಿ ಸಿಗುವ ಡಬ್ಬಿಯನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಎಷ್ಟೋ ಸಲ ಅದು ಮೂರಂತಸ್ತಿನ ಮಲಗುವ ಬೋಗಿ. ನಡುವಿನ ಬರ್ತನ್ನು ಎತ್ತಿ ಕಟ್ಟುವ ಸರಪಳಿ, ರಾತ್ರಿ ಉರಿಯುವ ಮಂದ ದೀಪ, ಚಪ್ಪಲಿ ಬಿಚ್ಚಿಟ್ಟು ಮೇಲೇರಲು ಕಬ್ಬಿಣದ ಏಣಿ ಎಲ್ಲ ಇವೆ. ಒಂದು ರಾತ್ರಿಯ ನಿದ್ದೆಗೆಂದು ಕಟ್ಟಿದ ಮನೆಯಲ್ಲಿ ಕಾಲೇಜಿನ ಹುಡುಗರು ಅರ್ಧ ಗಂಟೆ ನಿಂತು ಹೋಗುತ್ತಾರೆ.

ಇದು ಯಾರೋ ಮರೆತು ಜೋಡಿಸಿದ ಡಬ್ಬಿಯಲ್ಲ. ದೊಡ್ಡ ಸಂಸಾರಗಳಲ್ಲಿ ಅಣ್ಣನ ಅಂಗಿ ತಮ್ಮನಿಗೆ, ತಮ್ಮನದು ಅವನ ತಮ್ಮನಿಗೆ ಇಳಿಯುವ ಹಾಗೆ, ರೈಲ್ವೆಯಲ್ಲಿ ಎಕ್ಸ್‌ಪ್ರೆಸ್‌ನ ಬೋಗಿ ಪ್ಯಾಸೆಂಜರ್‌ಗೆ ಇಳಿಯುವುದು ಬಹಳ ಹಳೆಯ ಪದ್ಧತಿ. ಅಂಗಿಯನ್ನು ತಮ್ಮನ ಅಳತೆಗೆ ಹೊಲಿದು ಕೊಡುತ್ತಾರೋ, ಬರೀ ಒಗೆದು ಕೊಡುತ್ತಾರೋ ಎಂಬುದಷ್ಟೇ ಪ್ರಶ್ನೆ.

1876–78ರ ಭೀಕರ ಬರದ ನಂತರ, ಕ್ಷಾಮದ ಸೀಮೆಗಳಿಗೆ ಧಾನ್ಯ ಸಾಗಿಸಲು ರೈಲುಹಾದಿ ಬೇಕೇಬೇಕು ಎಂಬ ಒತ್ತಡದಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. ಅದರ ಹಾದಿ ಹುಬ್ಬಳ್ಳಿ ಕಡೆಯಿಂದ ಹರಿಹರವನ್ನು ಮುಟ್ಟಿದ್ದು 1886ರಲ್ಲಿ. ಮೈಸೂರು ಸಂಸ್ಥಾನದ ಕಡೆಯಿಂದ ಗುಬ್ಬಿ–ಹರಿಹರ ಹಾದಿ ಸಿದ್ಧವಾದದ್ದು 1889ರಲ್ಲಿ. ಅಲ್ಲಿಂದ ಮುಂದೆ ಒಂದು ಶತಮಾನ ಇದು ಮೀಟರ್‌ಗೇಜ್ ಹಾದಿ. ದೂರದ ಗಾಡಿಗಳಿಗೆ ಹೊಸ ಬೋಗಿ ಬಂದಂತೆಲ್ಲ ಹಳೆಯವು ಅದೇ ಹಳಿಯ ಮೇಲೆ ಸಣ್ಣ ಗಾಡಿಗಳಿಗೆ, ಶಾಖಾ ಹಾದಿಗಳಿಗೆ ಇಳಿಯುತ್ತಿದ್ದವು. 1992ರಲ್ಲಿ ಶುರುವಾದ ಏಕಗೇಜ್ ಯೋಜನೆಯಡಿ ಬೆಂಗಳೂರು–ಹುಬ್ಬಳ್ಳಿ ಹಾದಿ ಆ ದಶಕದ ಮಧ್ಯದಲ್ಲಿ ಬ್ರಾಡ್‌ಗೇಜ್ ಆದಾಗ ಈ ಕೊಂಡಿ ಕಳಚಿತು. ಒಂದು ಮೀಟರಿನ ಹಳಿಗೆ ಕಟ್ಟಿದ ಡಬ್ಬಿ 1,676 ಮಿಲಿಮೀಟರಿನ ಹಳಿಗೆ ದಾಟುವಂತಿರಲಿಲ್ಲ. ಅವು ಇನ್ನೂ ಮೀಟರ್‌ಗೇಜ್ ಉಳಿದ ಕಡೆ ಹೋಗಬೇಕು, ಇಲ್ಲವೇ ಗುಜರಿಗೆ.

ಬ್ರಾಡ್‌ಗೇಜ್‌ನಲ್ಲಿ ಬಂದದ್ದು ಪೆರಂಬೂರಿನ ಐಸಿಎಫ್ ನಮೂನೆ. ಸ್ವಿಸ್ ಕಂಪನಿಯೊಂದರ ಸಹಯೋಗದಲ್ಲಿ 1955ರಲ್ಲಿ ಶುರುವಾದ ಆ ಕಾರ್ಖಾನೆಯ ವಿನ್ಯಾಸವನ್ನೇ ಬೆಂಗಳೂರಿನ ಬಿಇಎಂಎಲ್ ಕೂಡ ಕಟ್ಟಿತು. ಇದರ ಆಯುಷ್ಯ ನಿಯಮದಂತೆ 25 ವರ್ಷ. ಪೆರಂಬೂರಿನಲ್ಲಿ ಈ ನಮೂನೆಯ ಕೊನೆಯ ಬೋಗಿ ಹೊರಬಿದ್ದದ್ದು 2018ರ ಜನವರಿಯಲ್ಲಿ. ಕಾಗದದ ಲೆಕ್ಕ ಹಿಡಿದರೆ ಅದು 2043ರ ತನಕ ಓಡಬಹುದು. 2000ದ ಸುಮಾರಿಗೆ ಬಂದ ಜರ್ಮನ್ ಮೂಲದ ಎಲ್‌ಎಚ್‌ಬಿ ಬೋಗಿಗಳು ಎಕ್ಸ್‌ಪ್ರೆಸ್ ಗಾಡಿಗಳನ್ನು ಒಂದೊಂದಾಗಿ ಹಿಡಿಯುತ್ತಿದ್ದಂತೆ ನೀಲಿ ಬಣ್ಣದ ಐಸಿಎಫ್‌ಗಳು ಕೆಳಗಿಳಿದವು. ಹೀಗೆ ಇಳಿದವು ಇನ್ನೂ ಬಹಳ ಕಾಲ ನಮ್ಮ ಊರೂರುಗಳ ಗಾಡಿಗಳಲ್ಲೇ ಇರಬಹುದು.

ಹಳೆಯ ಬೋಗಿಯನ್ನು ಹೊಸದು ಮಾಡುವುದೆಂದರೆ ಬಣ್ಣ ಬಳಿಯುವುದು ಎಂದು ಹಲವರು ತಿಳಿದಿದ್ದಾರೆ. ಅದು ಕೊನೆಯ ಕೆಲಸ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪು 1880ರ ದಶಕದ್ದು, ಸದರ್ನ್ ಮರಾಠಾ ಕಾಲದ್ದು. ಮೈಸೂರಿನ ಅಶೋಕಪುರಂನದು 1920ರ ದಶಕದ್ದು. ಇಂಥ ಕಡೆ ಬೋಗಿಯನ್ನು ಅದರ ಗಾಲಿಚೌಕಟ್ಟಿನಿಂದ ಎತ್ತಿ ಇಳಿಸುತ್ತಾರೆ. (ರೈಲ್ವೆಯವರ ಬಾಯಲ್ಲಿ 'ಬೋಗಿ' ಎಂದರೆ ಆ ಗಾಲಿಚೌಕಟ್ಟು ಮಾತ್ರ, ಇಡೀ ಡಬ್ಬಿಯನ್ನು ಬೋಗಿ ಎಂದವರು ನಾವು.) ಒಳಗಿನ ಹಲಗೆ, ಸೀಟು, ತಂತಿಗಳು ಹೊರಬರುತ್ತವೆ. ನೆಲದ ತಗಡು ಬಿಚ್ಚಿದಾಗ ನಿಜವಾದ ಕಾಯಿಲೆ ಕಾಣುತ್ತದೆ. ತುಕ್ಕು ಎಲ್ಲಕ್ಕಿಂತ ಜೋರಾಗಿ ಹಿಡಿಯುವುದು ಶೌಚಾಲಯದ ಕೆಳಗೆ ಮತ್ತು ಬಾಗಿಲ ಬುಡದಲ್ಲಿ, ನೀರು ಜಿನುಗಿ ನಿಲ್ಲುವ ಕಡೆ. ತಿಂದುಹೋದ ಉಕ್ಕನ್ನು ಕತ್ತರಿಸಿ ಹೊಸ ತುಂಡು ಬೆಸೆಯಬೇಕು. ಆಮೇಲೆ ನೆಲಹಾಸು, ರೆಕ್ಸಿನ್, ವೈರಿಂಗು. ಅರ್ಧ ಆಯುಷ್ಯದಲ್ಲಿ ನಡೆಯುವ ಇಂಥ ಪೂರ್ಣ ದುರಸ್ತಿಗೆಂದೇ ಭೋಪಾಲದಲ್ಲಿ 1989ರಲ್ಲಿ ಪ್ರತ್ಯೇಕ ಕಾರ್ಖಾನೆ ತೆರೆಯಲಾಯಿತು.

ಬೋಗಿಯನ್ನು ಬೇರೆ ಕೆಲಸಕ್ಕೆ ಒಗ್ಗಿಸುವ ಕೈಚಳಕ ನಮ್ಮವರಿಗಿಲ್ಲ ಎನ್ನುವಂತಿಲ್ಲ. ಸುಮಾರು 20 ವರ್ಷ ದುಡಿದ ಡಬ್ಬಿಗಳ ಕಿಟಕಿ ಮುಚ್ಚಿ, ತುದಿಯ ಗೋಡೆಗೆ ಬಾಗಿಲಿಟ್ಟು, ಕಾರುಗಳನ್ನು ಸಾಗಿಸುವ ವ್ಯಾಗನ್ ಮಾಡುತ್ತಾರೆ. 2020ರ ಕೋವಿಡ್ ದಿನಗಳಲ್ಲಿ ದೇಶದಲ್ಲಿ 5,000ಕ್ಕೂ ಹೆಚ್ಚು ಬೋಗಿಗಳು ಕೆಲವೇ ವಾರಗಳಲ್ಲಿ ರೋಗಿಗಳ ವಾರ್ಡುಗಳಾದವು. ನಡುವಿನ ಬರ್ತುಗಳನ್ನು ಆಗ ಸಲೀಸಾಗಿ ಕಿತ್ತುಹಾಕಲಾಯಿತು. ರೋಗಿಗೆ ಕಿತ್ತ ಬರ್ತನ್ನು ನಿಲ್ಲುವ ಪ್ರಯಾಣಿಕನಿಗೆ ಕೀಳಲು ಏನಡ್ಡಿಯೋ ತಿಳಿಯದು. 2018ರಲ್ಲಿ 'ಉತ್ಕೃಷ್ಟ್' ಹೆಸರಿನಲ್ಲಿ ಐಸಿಎಫ್ ಬೋಗಿಗಳನ್ನು ಒಂದು ರೈಲಿಗೆ ಸುಮಾರು 60 ಲಕ್ಷ ರೂಪಾಯಿ ವೆಚ್ಚದಲ್ಲಿ ಚಂದಗೊಳಿಸುವ ಯೋಜನೆ ಬಂತು. ಅದೂ ಮೇಲ್ ಮತ್ತು ಎಕ್ಸ್‌ಪ್ರೆಸ್ ಗಾಡಿಗಳಿಗೆ.

ಬ್ರಿಟನ್ನಿನಲ್ಲಿ ಇದನ್ನೇ ಬೇರೆ ರೀತಿಯಲ್ಲಿ ಮಾಡಿದ್ದುಂಟು. 1976ರಲ್ಲಿ ಗಂಟೆಗೆ 200 ಕಿ.ಮೀ. ಓಡಲು ಬಂದ ಇಂಟರ್‌ಸಿಟಿ 125 ಗಾಡಿಗಳನ್ನು 2018ರಿಂದ ಸ್ಕಾಟ್ಲೆಂಡಿನ ಊರುಗಳ ನಡುವಿನ ಸೇವೆಗೆ ಇಳಿಸಿದರು. ಗಾಡಿಯನ್ನು ನಾಲ್ಕೈದು ಬೋಗಿಗೆ ಮೊಟಕು ಮಾಡಿದರು. ಕಿಟಕಿಯಿಂದ ಕೈ ಹೊರಚಾಚಿ ತೆರೆಯಬೇಕಿದ್ದ ಬಾಗಿಲ ಬದಲು ತಾನೇ ಸರಿಯುವ ಬಾಗಿಲಿಟ್ಟರು. ಹಳಿಯ ಮೇಲೆ ಸುರಿಯುತ್ತಿದ್ದ ಶೌಚಕ್ಕೆ ತೊಟ್ಟಿ ಕೂರಿಸಿದರು. ಕೆಲಸ ಹೇಳಿದ ಹೊತ್ತಿಗೆ ಮುಗಿಯಲಿಲ್ಲ. ಕೆಲವು ಗಾಡಿಗಳು ಹಳೆಯ ರೂಪದಲ್ಲೇ ಓಡಬೇಕಾಯಿತು. ಆದರೂ ಅಂಗಿಯನ್ನು ತಮ್ಮನ ಅಳತೆಗೆ ಹೊಲಿದಿದ್ದರು ಎನ್ನಬೇಕು.

ಅಳತೆಗೆ ಹೊಲಿದರೂ ಬಟ್ಟೆ ಹಳೆಯದೇ. 2020ರ ಆಗಸ್ಟ್ 12ರಂದು ಕಾರ್ಮಾಂಟ್ ಎಂಬಲ್ಲಿ ಭಾರಿ ಮಳೆಗೆ ಹಳಿಯ ಮೇಲೆ ಕೊಚ್ಚಿಬಂದ ಕಲ್ಲುಮಣ್ಣಿಗೆ ಇಂಥದೇ ಒಂದು ಗಾಡಿ ಹಳಿ ತಪ್ಪಿತು. ಚಾಲಕ, ಕಂಡಕ್ಟರ್ ಮತ್ತು ಒಬ್ಬ ಪ್ರಯಾಣಿಕ ಸತ್ತರು. ಹೊಸ ಮಾನದಂಡದಂತೆ ಕಟ್ಟಿದ ಗಾಡಿಯಾಗಿದ್ದರೆ ಅನಾಹುತ ಬಹುಶಃ ಕಡಿಮೆಯಾಗುತ್ತಿತ್ತು ಎಂದು 2022ರ ತನಿಖಾ ವರದಿ ಹೇಳಿತು.

ನಮ್ಮಲ್ಲೂ ಈ ಮಾತಿಗೆ ಆಧಾರವಿದೆ. ಐಸಿಎಫ್ ಬೋಗಿಗಳನ್ನು ಸಾಮಾನ್ಯವಾಗಿ ಜೋಡಿಸುವುದು ತಿರುಪಿನ ಕೊಂಡಿಯಿಂದ. ಡಿಕ್ಕಿಯಾದಾಗ ಒಂದರ ಮೇಲೊಂದು ಏರುವ ಅಪಾಯ ಹೆಚ್ಚು. ಎಲ್‌ಎಚ್‌ಬಿಯ ಕೊಂಡಿ ಅದನ್ನು ತಡೆಯುವಂಥದು. ಪೂರ್ತಿಯಾಗಿ ಎಲ್‌ಎಚ್‌ಬಿಗೆ ಬದಲಾಗಬೇಕೆಂದು ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲೇ ಶಿಫಾರಸು ಮಾಡಿತ್ತು. ಬದಲಾವಣೆ ಮೇಲಿನಿಂದ ಶುರುವಾದದ್ದರಿಂದ ಸುರಕ್ಷಿತ ಡಬ್ಬಿ ಮೊದಲು ಸಿಕ್ಕಿದ್ದು ದೂರ ಹೋಗುವವರಿಗೆ. ದಿನಾ ಹೋಗಿಬರುವವನ ಸರದಿ ಕೊನೆಗೆ. ವೇಗ ಕಡಿಮೆಯಾದ್ದರಿಂದ ಅಪಾಯವೂ ಕಡಿಮೆ ಎಂದು ಸಮಾಧಾನ ಹೇಳಬಹುದು. ಅದರಲ್ಲಿ ಸ್ವಲ್ಪ ಸತ್ಯವೂ ಇದೆ.

ಅನುಕೂಲದ ಮಾತು ಬೇರೆ. ಮಲಗುವ ಬೋಗಿಗೆ ಬಾಗಿಲಿರುವುದು ಎರಡು ತುದಿಗಳಲ್ಲಿ ಮಾತ್ರ. ತೋಳಹುಣಸೆ, ಚಳಗೇರಿಯಂಥ ನಿಲ್ದಾಣಗಳಲ್ಲಿ ನಡುಡಬ್ಬಿಯಿಂದ ಮುದುಕರು ಇಳಿಯಬೇಕೆಂದರೆ ಜನರನ್ನು ಸೀಳಿಕೊಂಡು ಅಷ್ಟುದ್ದ ಬರಬೇಕು. ಎಂಜಿನ್ ಒಂದೇ ಎಳೆಯುವ ಗಾಡಿ ಪ್ರತಿ ಎಂಟು ಹತ್ತು ಕಿಲೋಮೀಟರಿಗೆ ನಿಂತರೆ ಮತ್ತೆ ವೇಗ ಹಿಡಿಯುವುದು ನಿಧಾನ. ಹಲವು ಡಬ್ಬಿಗಳ ಅಡಿಯಲ್ಲೇ ಮೋಟಾರಿರುವ ಮೆಮು ರೈಲಿಗೆ ಈ ತೊಂದರೆಯಿಲ್ಲ. ಅದಕ್ಕೆ ಬೇಕಾದ ವಿದ್ಯುತ್ ತಂತಿ ಈಗ ಈ ಹಾದಿಯ ಮೇಲಿದೆ. ದಾವಣಗೆರೆಯಲ್ಲಿ ನಿಲ್ಲುವ ಬೆಂಗಳೂರು–ಧಾರವಾಡ ವಂದೇ ಭಾರತ್ 2023ರ ಜೂನ್ 27ರಂದು ಅದರಡಿಯಲ್ಲೇ ಓಡಾಟ ಶುರುಮಾಡಿತು.

ಈ ಕತೆಯಲ್ಲಿ ಒಂದು ತಮಾಷೆಯೂ ಉಂಟು. ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳು ಮತ್ತೆ ಹೊರಟಾಗ ಅವುಗಳಿಗೆ ಎಕ್ಸ್‌ಪ್ರೆಸ್ ದರ ಹಚ್ಚಿದರು. 10 ರೂಪಾಯಿಯ ಕನಿಷ್ಠ ಟಿಕೆಟ್ 30 ಆಯಿತು. ಎಕ್ಸ್‌ಪ್ರೆಸ್‌ನಿಂದ ಇಳಿದು ಬಂದ ಡಬ್ಬಿಗೆ ಅದೇ ಹೆಸರು ಮರಳಿ ಬಂತು, ನಿಲ್ದಾಣಗಳು ಮಾತ್ರ ಮೊದಲಿನಷ್ಟೇ. ಹರಿಹರಕ್ಕೆ ಹೋಗುವವರು ಪಿ.ಬಿ. ರೋಡಿನ ಬಸ್ಸೇ ವಾಸಿ ಎಂದುಕೊಂಡಿದ್ದರೆ ಆಶ್ಚರ್ಯವಿಲ್ಲ. 2024ರ ಫೆಬ್ರುವರಿ ಕೊನೆಯಲ್ಲಿ ದರ ಮತ್ತೆ 10 ರೂಪಾಯಿಗೆ ಇಳಿಯಿತು. ನಡುವಿನ ಬರ್ತಿನ ಸರಪಳಿ ಮಾತ್ರ ಇದ್ದಲ್ಲೇ ಇದೆ.