ಭೂಬಳಕೆ ವಲಯ ಮತ್ತು ವಸತಿ ಸಾಂದ್ರತೆಯ ವಿವಾದಗಳು (ಕರ್ನಾಟಕ)

ಭೂಬಳಕೆ ವಲಯ ವಿವಾದ ಎಂಬುದು ಊರಿನ ಯಾವ ಭಾಗದಲ್ಲಿ ವಾಸದ ಮನೆ, ಅಂಗಡಿ, ಕಾರ್ಖಾನೆ ಅಥವಾ ಉದ್ಯಾನ ಇರಬೇಕು, ಒಂದು ನಿವೇಶನದಲ್ಲಿ ಎಷ್ಟು ಮಹಡಿಯ, ಎಷ್ಟು ಮನೆಗಳ ಕಟ್ಟಡ ಏಳಬಹುದು ಎಂಬ ನಿರ್ಣಯಗಳ ಬಗ್ಗೆ ನೆರೆಹೊರೆಯವರು, ನಿವೇಶನದ ಒಡೆಯರು ಮತ್ತು ಸ್ಥಳೀಯ ಸಂಸ್ಥೆಗಳ ನಡುವೆ ತಲೆದೋರುವ ತಕರಾರು. ಕರ್ನಾಟಕದಲ್ಲಿ ಇಂತಹ ತಕರಾರುಗಳು ಮಹಾನಗರಗಳಿಗೆ ಸೀಮಿತವಲ್ಲ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಯಂತಹ ಪಟ್ಟಣಗಳಿಗೂ ಇದೇ ಕಾನೂನುಗಳು ಅನ್ವಯಿಸುತ್ತವೆ.

ಕಾನೂನಿನ ಚೌಕಟ್ಟು

ರಾಜ್ಯದಲ್ಲಿ ಭೂಬಳಕೆಯನ್ನು ನಿಯಂತ್ರಿಸುವ ಮುಖ್ಯ ಕಾಯ್ದೆ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮ, 1961. ಇದರ ಪ್ರಕಾರ ಸ್ಥಳೀಯ ಯೋಜನಾ ಪ್ರದೇಶವೊಂದಕ್ಕೆ ಮಹಾಯೋಜನೆಯನ್ನು ಸಿದ್ಧಪಡಿಸಿ, ನೆಲವನ್ನು ವಸತಿ, ವಾಣಿಜ್ಯ, ಕೈಗಾರಿಕೆ, ಉದ್ಯಾನ, ಸಾರಿಗೆ, ಕೃಷಿ ಮುಂತಾದ ವಲಯಗಳಾಗಿ ವಿಂಗಡಿಸಲಾಗುತ್ತದೆ. ತಾತ್ಕಾಲಿಕ ಅನುಮೋದನೆ ದೊರೆತ ಯೋಜನೆಯನ್ನು ಪ್ರಕಟಿಸಿ, ಸಾರ್ವಜನಿಕರ ಅಭಿಪ್ರಾಯಕ್ಕೆ 60 ದಿನಗಳ ಕಾಲಾವಕಾಶ ಕೊಡಬೇಕು. ಯೋಜನೆಯನ್ನು ಹತ್ತು ವರ್ಷಗಳಿಗೊಮ್ಮೆ ಪರಿಷ್ಕರಿಸಬೇಕು. ನಡುವೆ ಭೂಬಳಕೆ ಬದಲಾಯಿಸಬೇಕಾದರೆ 14ಎ ಪ್ರಕರಣದನ್ವಯ ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ, ಕನಿಷ್ಠ 15 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಲು ಆಹ್ವಾನಿಸಬೇಕು.

ಪಟ್ಟಣಗಳಲ್ಲಿ ಕಟ್ಟಡ ಪರವಾನಗಿಯನ್ನು ಕರ್ನಾಟಕ ಪುರಸಭೆಗಳ ಅಧಿನಿಯಮ, 1964ರ ಅಡಿಯಲ್ಲಿ ಪುರಸಭೆ ಅಥವಾ ನಗರಸಭೆ ನೀಡುತ್ತದೆ. ಕೃಷಿ ಭೂಮಿಯನ್ನು ಕೃಷಿಯೇತರ ಉದ್ದೇಶಕ್ಕೆ ಪರಿವರ್ತಿಸಲು ಕರ್ನಾಟಕ ಭೂಕಂದಾಯ ಅಧಿನಿಯಮ, 1964ರ 95ನೇ ಪ್ರಕರಣದ ಅನುಮತಿ ಬೇಕು. ಜನರ ಮಾತಿನಲ್ಲಿ ಇದು ‘ಎನ್.ಎ.’ ಆಗುವುದು. ಎನ್.ಎ. ಆದೇಶವೂ ಬಡಾವಣೆ ನಕ್ಷೆಯ ಅನುಮೋದನೆಯೂ ಬೇರೆ ಬೇರೆ. ಮೊದಲನೆಯದು ಇದ್ದು ಎರಡನೆಯದು ಇಲ್ಲದ ಪ್ಲಾಟುಗಳಲ್ಲಿ ರಸ್ತೆಯ ಅಗಲ, ಚರಂಡಿ, ಉದ್ಯಾನದ ಜಾಗ ಯಾವುದೂ ಖಚಿತವಾಗಿರುವುದಿಲ್ಲ. ಅನೇಕ ತಕರಾರುಗಳ ಮೂಲ ಇಲ್ಲಿದೆ.

ಸಾಂದ್ರತೆಯ ಅಳತೆ

ಒಂದು ನಿವೇಶನದಲ್ಲಿ ಎಷ್ಟು ಕಟ್ಟಬಹುದು ಎಂಬುದನ್ನು ಎಫ್.ಎ.ಆರ್. ಎಂದು ರೂಢಿಯಲ್ಲಿರುವ ಮಹಡಿ ವಿಸ್ತೀರ್ಣ ಅನುಪಾತವು ನಿರ್ಧರಿಸುತ್ತದೆ. ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣವನ್ನು ನಿವೇಶನದ ವಿಸ್ತೀರ್ಣದಿಂದ ಭಾಗಿಸಿದಾಗ ಬರುವ ಸಂಖ್ಯೆಯೇ ಇದು. ಉದಾಹರಣೆಗೆ, 30×40 ಅಡಿಯ, ಅಂದರೆ 1,200 ಚದರ ಅಡಿಯ ನಿವೇಶನಕ್ಕೆ 1.5 ಅನುಪಾತವಿದ್ದರೆ ಎಲ್ಲ ಮಹಡಿ ಸೇರಿ 1,800 ಚದರ ಅಡಿ ಕಟ್ಟಬಹುದು. ಇದರ ಜೊತೆಗೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಸೆಟ್‌ಬ್ಯಾಕ್, ಗರಿಷ್ಠ ಎತ್ತರ ಮತ್ತು ಎದುರಿನ ರಸ್ತೆಯ ಅಗಲವೂ ಲೆಕ್ಕಕ್ಕೆ ಬರುತ್ತವೆ. ಸೆಟ್‌ಬ್ಯಾಕ್ ಬಿಡದೆ ಕಟ್ಟಿದಾಗ ಪಕ್ಕದ ಮನೆಗೆ ಗಾಳಿ ಬೆಳಕು ಕಡಿಮೆಯಾಗುತ್ತದೆ, ಮಳೆನೀರು ಅವರ ಗೋಡೆಗೆ ಬೀಳುತ್ತದೆ, ಅಗ್ನಿಶಾಮಕ ವಾಹನ ಓಣಿಯೊಳಗೆ ಬರಲು ಅಡ್ಡಿಯಾಗುತ್ತದೆ.

ಸಾಂದ್ರತೆ ಹೆಚ್ಚುವುದನ್ನು ಕೇವಲ ಕೆಡುಕೆಂದು ಎಣಿಸಲಾಗದು. ಕಡಿಮೆ ನೆಲದಲ್ಲಿ ಹೆಚ್ಚು ಮನೆಗಳಿದ್ದರೆ ಬಾಡಿಗೆ ತಗ್ಗಬಹುದು; ಸುತ್ತಲ ಕೃಷಿ ಭೂಮಿಯೂ ಉಳಿಯಬಹುದು. ಅಮೆರಿಕದಲ್ಲಿ ನ್ಯೂಯಾರ್ಕ್ ನಗರವು 1916ರಲ್ಲಿ ವಲಯ ನಿಯಮಗಳನ್ನು ಜಾರಿಗೊಳಿಸಿದ ಬಳಿಕ ಇವು ಅಲ್ಲಿ ವ್ಯಾಪಕವಾದವು. ಇಂತಹ ನಿಯಮಗಳು ಬಡವರನ್ನು ಒಳ್ಳೆಯ ಬಡಾವಣೆಗಳಿಂದ ದೂರವಿಡುತ್ತವೆ ಎಂಬ ಟೀಕೆ ಅಲ್ಲಿ ಇಂದಿಗೂ ಇದೆ.

ಪ್ರಮುಖ ತೀರ್ಪುಗಳು

ಚಿಕ್ಕ ಊರಿನ ನಿವಾಸಿಗೂ ಈ ವಿಷಯದಲ್ಲಿ ಹಕ್ಕಿದೆ ಎಂಬುದನ್ನು ಸ್ಥಾಪಿಸಿದ್ದು ಉಡುಪಿಯ ಪ್ರಕರಣ. ಅಲ್ಲಿ ವಸತಿ ಪ್ರದೇಶವೊಂದರಲ್ಲಿ ಕಲ್ಯಾಣ ಮಂಟಪ ಹಾಗೂ ಉಪನ್ಯಾಸ ಭವನಕ್ಕೆ ಪಡೆದ ಪರವಾನಗಿಯನ್ನು ಚಿತ್ರಮಂದಿರಕ್ಕೆ ಮಾರ್ಪಡಿಸಲು ಪುರಸಭೆ ಒಪ್ಪಿಗೆ ನೀಡಿತು. ನೆರೆಯ ನಿವಾಸಿ ಇದನ್ನು ಪ್ರಶ್ನಿಸಿದರು. ಕೆ. ರಾಮದಾಸ ಶೆಣೈ ವಿರುದ್ಧ ಉಡುಪಿ ಪುರಸಭೆಯ ಮುಖ್ಯಾಧಿಕಾರಿ ಎಂಬ ಈ ಪ್ರಕರಣದಲ್ಲಿ 1974ರಲ್ಲಿ ಸರ್ವೋಚ್ಚ ನ್ಯಾಯಾಲಯವು, ನಗರ ಯೋಜನೆಗೆ ವಿರುದ್ಧವಾದ ಪರವಾನಗಿ ಊರ್ಜಿತವಲ್ಲ, ಅಕ್ರಮ ಕಟ್ಟಡ ಸುತ್ತಲ ನಿವಾಸಿಗಳ ಹಕ್ಕಿಗೆ ಧಕ್ಕೆ ತರುತ್ತದೆ ಎಂದು ತೀರ್ಪಿತ್ತಿತು. ಕಟ್ಟಡಕ್ಕೆ ಹಣ ವೆಚ್ಚವಾಗಿದೆ ಎಂಬ ಕಾರಣಕ್ಕೆ ಅಕ್ರಮ ಸಕ್ರಮವಾಗದು ಎಂಬುದೂ ಅದರಲ್ಲಿ ಸ್ಪಷ್ಟವಾಯಿತು.

ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮ್‌ಗೆ ಹಂಚಿದಾಗ ಅಲ್ಲಿನ ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನಿವಾಸಿಗಳ ಪರವಾಗಿ ತೀರ್ಪು ನೀಡಿತು.

ಅಕ್ರಮ-ಸಕ್ರಮ ಮತ್ತು ಬಿ ಖಾತೆ

ನಿಯಮ ಮೀರಿದ ಕಟ್ಟಡಗಳಿಗೆ ದಂಡ ಕಟ್ಟಿಸಿಕೊಂಡು ಮಾನ್ಯತೆ ನೀಡಲು 1961ರ ಅಧಿನಿಯಮಕ್ಕೆ 76ಎಫ್‌ಎಫ್ ಪ್ರಕರಣವನ್ನು ಸೇರಿಸಲಾಯಿತು. ವಸತಿ ಕಟ್ಟಡಗಳಿಗೆ ಶೇ. 50, ಇತರ ಕಟ್ಟಡಗಳಿಗೆ ಶೇ. 25ರವರೆಗಿನ ಉಲ್ಲಂಘನೆಗೆ ಇದು ಅನ್ವಯಿಸುತ್ತಿತ್ತು. 2016ರ ಡಿಸೆಂಬರಿನಲ್ಲಿ ಉಚ್ಚ ನ್ಯಾಯಾಲಯವು ಯೋಜನೆಯನ್ನು ಎತ್ತಿಹಿಡಿಯಿತು; 2017ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಜೀವಮಾನದ ಉಳಿತಾಯದಿಂದ ಮನೆ ಕಟ್ಟಿದವರಿಗೆ ಇದು ಆಸರೆ ಎಂಬುದು ಒಂದು ವಾದ. ನಿಯಮ ಪಾಲಿಸಿದ ನೆರೆಯವರಿಗೆ ಇದು ಅನ್ಯಾಯ ಎಂಬುದು ಇನ್ನೊಂದು. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರವು ನಗರ ಸ್ಥಳೀಯ ಸಂಸ್ಥೆಗಳ ವ್ಯಾಪ್ತಿಯ ಅನಧಿಕೃತ ಆಸ್ತಿಗಳಿಗೆ ಬಿ ಖಾತೆ ನೀಡುವ ಅಭಿಯಾನವನ್ನು ಆರಂಭಿಸಿತು. ಬಿ ಖಾತೆಯು ತೆರಿಗೆ ದಾಖಲೆಯೇ ಹೊರತು, ಕಟ್ಟಡ ಅಥವಾ ಬಡಾವಣೆಯನ್ನು ಸಕ್ರಮಗೊಳಿಸುವ ಪತ್ರವಲ್ಲ.

ಕಲಬುರಗಿ ಜಿಲ್ಲೆಯ ಪಟ್ಟಣಗಳು

ಈ ಐದು ಪಟ್ಟಣಗಳ ಬೆಳವಣಿಗೆಗೆ ತಮ್ಮದೇ ಲಕ್ಷಣಗಳಿವೆ. ಸುಣ್ಣಕಲ್ಲಿನ ನಿಕ್ಷೇಪವೇ ಸಿಮೆಂಟ್ ಕಾರ್ಖಾನೆಗಳನ್ನು ಇಲ್ಲಿಗೆ ತಂದಿತು. ವಾಡಿಯ ಎ.ಸಿ.ಸಿ. ಕಾರ್ಖಾನೆ ಮತ್ತು ಸೇಡಂನ ವಾಸವದತ್ತಾ ಕಾರ್ಖಾನೆ ಇದಕ್ಕೆ ನಿದರ್ಶನ. ರೈಲ್ವೆ ಜಂಕ್ಷನ್ ಆಗಿರುವ ವಾಡಿಯಲ್ಲಿ ಕಾರ್ಖಾನೆ, ರೈಲ್ವೆ ಮತ್ತು ಪುರಸಭೆಯ ನೆಲ ಒಂದಕ್ಕೊಂದು ತಾಗಿಕೊಂಡಿವೆ. ಕಂಪನಿಯ ಕಾಲೊನಿಯಲ್ಲಿ ಅಗಲವಾದ ರಸ್ತೆ, ಮರಗಿಡಗಳಿದ್ದರೆ, ಅದರ ಹೊರಗೆ ಕಿರಿದಾದ ಗಲ್ಲಿಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ಶಹಾಬಾದಿನ ಸುತ್ತ ಫರಸಿ ಕಲ್ಲಿನ ಗಣಿಗಳಿರುವುದರಿಂದ ಊರು ಹಬ್ಬಲು ಯೋಗ್ಯವಾದ ಸಮತಟ್ಟು ನೆಲಕ್ಕೆ ಮಿತಿಯಿದೆ. ಚಿಂಚೋಳಿಯಲ್ಲಿ ಹಳೆಯ ಊರಿಗೆ ಹೊಂದಿಕೊಂಡು ಚಂದಾಪುರ ಬೆಳೆದಿದೆ. ಚಿತ್ತಾಪುರ, ಸೇಡಂಗಳಲ್ಲಿ ಹಳೆಯ ಊರಿನ ಓಣಿಗಳಿಗೆ ಇಂದಿನ ಸೆಟ್‌ಬ್ಯಾಕ್ ನಿಯಮ ಹೊಂದುವುದು ಕಷ್ಟ. ಅವು ನಿಯಮಗಳಿಗಿಂತ ಹಿಂದಿನವು.

ದಾಖಲೆಯೇ ಇಲ್ಲದ ವಸತಿಯ ಪ್ರಶ್ನೆಯೂ ಇಲ್ಲಿದೆ. ಕಂದಾಯ ಗ್ರಾಮವೆಂದು ಗುರುತಿಸದ ತಾಂಡಾಗಳಲ್ಲಿ ತಲೆಮಾರುಗಳಿಂದ ವಾಸವಿದ್ದವರಿಗೂ ಮನೆಯ ಹಕ್ಕುಪತ್ರ ಇರಲಿಲ್ಲ. 2023ರ ಜನವರಿ 19ರಂದು ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ನಡೆದ ಸಮಾರಂಭದಲ್ಲಿ ಪ್ರಧಾನಿ ನರೇಂದ್ರ ಮೋದಿ ಅವರು ಕಲಬುರಗಿ, ಯಾದಗಿರಿ, ರಾಯಚೂರು, ಬೀದರ್ ಮತ್ತು ವಿಜಯಪುರ ಜಿಲ್ಲೆಗಳ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರ ವಿತರಣೆಗೆ ಚಾಲನೆ ನೀಡಿದರು.

ನಿವಾಸಿಗಳಿಗಿರುವ ಅವಕಾಶಗಳು

ಮಹಾಯೋಜನೆಯ ಕರಡು ಅಥವಾ ಭೂಬಳಕೆ ಬದಲಾವಣೆಯ ಪ್ರಕಟಣೆ ಬಂದಾಗ ಯಾರು ಬೇಕಾದರೂ ಲಿಖಿತ ಆಕ್ಷೇಪಣೆ ಸಲ್ಲಿಸಬಹುದು. ಸರ್ವೆ ನಂಬರು, ವಲಯದ ಹೆಸರು ಮತ್ತು ಆಗುವ ತೊಂದರೆಯನ್ನು ನಮೂದಿಸಿ, ಸ್ವೀಕೃತಿ ಪಡೆಯುವುದು ಉಚಿತ. ನೆರೆಯ ಕಟ್ಟಡದ ಮಂಜೂರಾದ ನಕ್ಷೆಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ಅರ್ಜಿ ಹಾಕಬಹುದು. ಉತ್ತರಕ್ಕೆ ಸಾಮಾನ್ಯ ಗಡುವು 30 ದಿನ. ಪಾಯ ತೋಡುವಾಗಲೇ ಎತ್ತಿದ ಆಕ್ಷೇಪಣೆಯಿಂದ ಇಬ್ಬರಿಗೂ ನಷ್ಟ ಕಡಿಮೆ. ಮೇಲ್ಛಾವಣಿ ಬಿದ್ದ ಮೇಲೆ ಅದೇ ತಕರಾರು ಒಬ್ಬರ ಮನೆಯನ್ನೋ ಇನ್ನೊಬ್ಬರ ನೆಮ್ಮದಿಯನ್ನೋ ಬಲಿ ಬೇಡುತ್ತದೆ.