ಪಡಿ

ಮನೆಗೆ ಬಂದವರಿಗೆ ಊಟಕ್ಕಿಡುವುದರಲ್ಲಿ ಚರಿತ್ರೆಯೇನು ಬಂತು ಎಂದು ವಾಚಕರು ಕೇಳಬಹುದು. ಅರಸರ ಹೆಸರಿಲ್ಲದ ಚರಿತ್ರೆಯೂ ಉಂಟು. ಅದರ ಒಂದು ಪುಟವನ್ನು ನಾನು ಸೂಲಿಬೆಲೆಯ ನಮ್ಮ ಮನೆಯ ಜಗುಲಿಯ ಮೇಲೆ ಕಂಡಿದ್ದೇನೆ.

ನಮ್ಮದು ಬಾಡುಣ್ಣುವ ಒಕ್ಕಲು ಮನೆತನ. ಸೂಲಿಬೆಲೆ ಹೊಸಕೋಟೆ ತಾಲ್ಲೂಕಿನ ಹೋಬಳಿ ಊರಾದ್ದರಿಂದ ಕಂದಾಯದ ಕಾಲಕ್ಕೆ ಶೇಕದಾರರು, ಸುತ್ತಲ ಹಳ್ಳಿಗಳ ಶಾನುಭೋಗರು ಬರುತ್ತಿದ್ದರು. ಶಾನುಭೋಗರು ಹೆಚ್ಚಾಗಿ ಬ್ರಾಹ್ಮಣರು, ನಮ್ಮಲ್ಲಿ ಉಣ್ಣುವವರಲ್ಲ. ಹಾಗೆಂದು ಬಂದವರನ್ನು ಹಸಿದ ಹೊಟ್ಟೆಯಲ್ಲಿ ಕಳಿಸುವುದುಂಟೆ? ಈ ತೊಡಕಿಗೆ ಹಿಂದಿನವರು ಕಂಡುಕೊಂಡ ದಾರಿಯೇ ಪಡಿ. ಅಕ್ಕಿ, ತೊಗರಿಬೇಳೆ, ಹುಣಿಸೆಹಣ್ಣು, ಮೆಣಸಿನಕಾಯಿ, ಉಪ್ಪು, ತುಪ್ಪ, ಹಿತ್ತಲಿನ ತರಕಾರಿ ಎಲ್ಲವನ್ನೂ ಮೊರದಲ್ಲಿಟ್ಟು, ಹೊಸ ಮಡಕೆ, ಒಣಸೌದೆ, ಬಾಳೆಲೆಗಳೊಡನೆ ಕೊಡುವುದು. ಅವರು ತಾವೇ ನೀರು ಸೇದಿ, ಮೂರು ಕಲ್ಲು ಹೂಡಿ ಸ್ವಯಂಪಾಕ ಮಾಡಿಕೊಳ್ಳುವುದು. ಹಸಿಯ ಧಾನ್ಯಕ್ಕೆ ಮೈಲಿಗೆಯಿಲ್ಲ, ಬೆಂದ ಅನ್ನಕ್ಕೆ ಉಂಟು ಎಂಬುದು ಆ ಕಾಲದ ನ್ಯಾಯ.

ಬಾಡೊಂದೇ ಕಾರಣವಾಗಿದ್ದರೆ ಪರಿಹಾರ ಮನೆಯಲ್ಲೇ ಇತ್ತು. ಬಾಡಿನ ಮಡಕೆ ನಮ್ಮಲ್ಲಿ ಅಡುಗೆಮನೆಯ ಹೊಸಿಲು ದಾಟುತ್ತಿರಲಿಲ್ಲ. ಹಿತ್ತಲ ಒಲೆಯೇ ಅದರ ಜಾಗ. ಸೋಮವಾರ, ಶನಿವಾರ, ಶ್ರಾವಣದಲ್ಲಿ ನಾವೂ ಬಾಡು ಮುಟ್ಟುತ್ತಿರಲಿಲ್ಲ. ಉಳಿದಂತೆ ಮುದ್ದೆಗೆ ಉಪ್ಪೆಸರು, ಮಸ್ಸೊಪ್ಪು, ಅವರೆಯ ಕಾಲದಲ್ಲಿ ಹಿದುಕಿದ ಬೇಳೆ. ಅದೂ ಅವರಿಗೆ ಸಲ್ಲದು. ನಮ್ಮ ಹೊಲದ ಬೇಳೆ ಆಗುತ್ತಿತ್ತು, ಅದನ್ನು ಬೇಯಿಸುವ ಅಜ್ಜಿಯ ಕೈ ಆಗುತ್ತಿರಲಿಲ್ಲ.

1950ರ ದಶಕದ ಕೊನೆಯ ಒಂದು ಮಳೆಗಾಲ. ಮುದುಕರಾದ ಶಾನುಭೋಗರೊಬ್ಬರು ಜಗುಲಿಯ ಮೂಲೆಯಲ್ಲಿ ಹಸಿಸೌದೆ ಊದಿ ಊದಿ ಸೋತರು. ಕಡೆಗೆ, "ಇವತ್ತಿಗೆ ನೀನೇ ಒಂದಿಷ್ಟು ಬೇಯಿಸಿಹಾಕಮ್ಮ" ಎಂದರು.

"ನಮ್ಮ ಕೈಯಡುಗೆ ನಿಮಗಾಯ್ತದಾ ಸ್ವಾಮಿ?"

ಅವರು ಮಾತಾಡಲಿಲ್ಲ. ಅಜ್ಜಿ ಮಿಂದು ಬಂದು ಹೊಸ ಮಡಕೆಯಲ್ಲೇ ಅನ್ನ, ಸಾರು ಮಾಡಿದಳು. ಅವರು ಬಾಗಿಲು ಮುಂದೂಡಿಸಿ ಉಂಡರು. "ಊರಲ್ಲಿ ಹೇಳಬೇಡಮ್ಮ" ಎಂದರು. ಅಜ್ಜಿ ಸಾಯುವತನಕ ಹೇಳಲಿಲ್ಲ.

ಈ ದೂರನ್ನು ಬರೆಯುವಾಗ ನನ್ನ ಕೈಯೂ ತಡೆಯುತ್ತದೆ. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ದಲಿತರಿಗೆ ಕೊಟ್ಟಿಗೆಯ ಹೊರಗೆ ಬೇರೆ ತಟ್ಟೆಯಿತ್ತು. ಅವರ ಮನೆಯಲ್ಲಿ ಅದೇ ಅಜ್ಜಿ ಒಂದು ತುತ್ತು ಉಂಡವಳಲ್ಲ. ಅವರದೂ ಮುದ್ದೆ, ಸೊಪ್ಪಿನ ಸಾರೇ.

ಗ್ರಾಮಾಧಿಕಾರಗಳನ್ನು ರದ್ದುಮಾಡಿದ 1961ರ ಕಾಯಿದೆ 1963ರಲ್ಲಿ ಜಾರಿಗೆ ಬಂದು ವಂಶಪಾರಂಪರ್ಯದ ಶಾನುಭೋಗಿಕೆ ಹೋಯಿತು. ಬಸ್ಸು, ಹೋಟೆಲು ಬಂದವು. ಪಡಿಯ ಮೊರ ಅಟ್ಟ ಸೇರಿತು. ಈಗ ಬಾಡು ತಿನ್ನದ ಗೆಳೆಯರು ಬಂದರೆ ಸೊಸೆ ಬೇರೆ ಪಾತ್ರೆ ಇಳಿಸುತ್ತಾಳೆ, ಅವರು ಅಡುಗೆಮನೆಯಲ್ಲೇ ಕುಳಿತು ಉಣ್ಣುತ್ತಾರೆ.

ಈಚೆಗೆ ನಮ್ಮ ಹೊಲದಲ್ಲಿ ದುಡಿದಿದ್ದವರೊಬ್ಬರ ಮೊಮ್ಮಗನ ಮದುವೆಗೆ ಹೋಗಿ ಪಂಕ್ತಿಯಲ್ಲಿ ಕುಳಿತು ಉಂಡು ಬಂದೆ. ಹಿಂದೆ ಎಂದೂ ಅವರ ಮನೆಯಲ್ಲಿ ಉಂಡವನಲ್ಲ. ನನಗಾಗ ಎಪ್ಪತ್ತು ದಾಟಿತ್ತು.