ನೀಲಿ-ಹಸಿರು ಪಾಚಿಯ ವರ್ಣದ್ರವ್ಯ: ಕರ್ನಾಟಕದ ಸಂಶೋಧನೆಯ ಒಂದು ಅಧ್ಯಾಯ

ತರೀಕೆರೆ ಸೀಮೆಯ ಅಮೃತಾಪುರವು 1196ರಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳನ ದಂಡನಾಯಕನು ಕಟ್ಟಿಸಿದ ಅಮೃತೇಶ್ವರ ದೇವಾಲಯದಿಂದ ಪ್ರಸಿದ್ಧವಾಗಿದೆ. ಹೆಸರಿನಲ್ಲಿಯೇ ಕೆರೆಯನ್ನುಳ್ಳ ಈ ಸೀಮೆಯಂತೆ ನಾಡಿನ ಅನೇಕ ಭಾಗಗಳ ಬದುಕು ಕೆರೆನೀರಿನೊಡನೆ ಬೆಸೆದುಕೊಂಡಿದೆ. ನಿಂತ ನೀರಿನಲ್ಲಿ ಸಾರಜನಕ, ರಂಜಕಗಳು ಹೆಚ್ಚಿದಾಗ ಕೆನೆಗಟ್ಟುವ ನೀಲಿ-ಹಸಿರು ಪಾಚಿಯು ವಾಸ್ತವವಾಗಿ ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿವರ್ಗ. ಇದರ ನೀಲಿ ವರ್ಣದ್ರವ್ಯವಾದ ಫೈಕೋಸಯನಿನ್‌ನ ಅಧ್ಯಯನದಲ್ಲಿ ಕರ್ನಾಟಕದ ಎರಡು ಸಂಸ್ಥೆಗಳ ಪಾತ್ರ ಗಮನಾರ್ಹವಾದುದು.

ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು 1970ರ ದಶಕದಲ್ಲಿ ಜರ್ಮನಿಯ ಸಹಯೋಗದೊಡನೆ ಪಾಚಿ ಕೃಷಿಯ ಪ್ರಯೋಗಗಳನ್ನು ಕೈಗೊಂಡಿತು. ಎಲ್.ವಿ. ವೆಂಕಟರಾಮನ್ ಮೊದಲಾದವರು ಕ್ಷಾರೀಯ ನೀರಿನಲ್ಲಿ ಬೆಳೆಯುವ ಸ್ಪಿರುಲಿನಾವನ್ನು ಪ್ರೋಟೀನ್ ಮೂಲವಾಗಿ ಪರಿಶೀಲಿಸಿದರು. ಅಂದು ಮುಖ್ಯವಾಗಿದ್ದುದು ಆಹಾರದ ಕೊರತೆ, ಬಣ್ಣವಲ್ಲ. ಕಾಲಾನಂತರ ಗಮನವು ವರ್ಣದ್ರವ್ಯದತ್ತ ಹೊರಳಿತು. ಆರ್. ಸರದಾ, ಜಿ.ಎ. ರವಿಶಂಕರ್ ಮತ್ತು ಸಹೋದ್ಯೋಗಿಯ 1999ರ ಅಧ್ಯಯನವು ಪಾಚಿಯನ್ನು ಒಣಗಿಸಿದಾಗ ಫೈಕೋಸಯನಿನ್ ಸುಮಾರು ಅರ್ಧದಷ್ಟು ನಷ್ಟವಾಗುವುದನ್ನೂ, 40 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅದು ಅಸ್ಥಿರವಾಗುವುದನ್ನೂ ತೋರಿಸಿತು.

ಈ ವರ್ಣದ್ರವ್ಯವು ಪ್ರೋಟೀನಿಗೆ ಫೈಕೋಸಯನೋಬಿಲಿನ್ ಎಂಬ ಅಣು ಬೆಸೆದುಕೊಂಡ ರಚನೆ. ಕ್ಲೋರೋಫಿಲ್ ಚೆನ್ನಾಗಿ ಹೀರಲಾರದ ಕಿತ್ತಳೆ ಬೆಳಕನ್ನು ಹೀರಿ, ದ್ಯುತಿಸಂಶ್ಲೇಷಣೆಗೆ ಒದಗಿಸುವುದು ಇದರ ಸಹಜ ಕಾರ್ಯ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಎಂ. ಮದ್ಯಸ್ಥ ಅವರ ತಂಡವು ಇದರ ಜೈವಿಕ ಕ್ರಿಯಾಶೀಲತೆಯನ್ನು ಶೋಧಿಸಿತು. ರಾಸಾಯನಿಕಗಳಿಂದ ಇಲಿಗಳ ಯಕೃತ್ತಿಗೆ ಉಂಟಾಗುವ ಹಾನಿಯನ್ನು ಇದು ತಗ್ಗಿಸುವುದೆಂದು 1998ರಲ್ಲಿಯೂ, ಪೆರಾಕ್ಸಿಲ್ ರಾಡಿಕಲ್‌ಗಳನ್ನು ಸಮರ್ಥವಾಗಿ ನಿವಾರಿಸುವುದೆಂದು 2000ದಲ್ಲಿಯೂ ಪ್ರಕಟಿಸಲಾಯಿತು.

ಈ ಫಲಿತಾಂಶಗಳನ್ನು ಮನುಷ್ಯರ ಚಿಕಿತ್ಸೆಗೆ ನೇರವಾಗಿ ಅನ್ವಯಿಸಲಾಗದು. 2013ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸ್ಪಿರುಲಿನಾ ಸಾರಕ್ಕೆ ಅನುಮತಿ ನೀಡಿದ್ದು ಆಹಾರದ ಬಣ್ಣವಾಗಿಯೇ ಹೊರತು ಔಷಧವಾಗಿ ಅಲ್ಲ. ಇನ್ನು ಕೆರೆಯ ಪಾಚಿಯ ವಿಷಯವೇ ಬೇರೆ. ಸಯನೋಬ್ಯಾಕ್ಟೀರಿಯಾಗಳಲ್ಲಿಯೇ ಒಂದಾದ ಮೈಕ್ರೋಸಿಸ್ಟಿಸ್ ಯಕೃತ್ತಿಗೆ ಮಾರಕವಾದ ಮೈಕ್ರೋಸಿಸ್ಟಿನ್ ವಿಷವನ್ನು ಉತ್ಪಾದಿಸಬಲ್ಲದು. ನೀರನ್ನು ಕುದಿಸಿದರೂ ಈ ವಿಷ ನಾಶವಾಗದು. ಯಕೃತ್ತನ್ನು ಕಾಯುವ ಗುಣ ತೋರಿದ ವರ್ಣದ್ರವ್ಯವೂ ಯಕೃತ್ತನ್ನು ಕೆಡಿಸುವ ವಿಷವೂ ಒಂದೇ ಜೀವಿವರ್ಗದವು. ಆದುದರಿಂದ ಪ್ರಯೋಗಾಲಯದ ಕೀರ್ತಿಯನ್ನು ಕೆರೆಯ ಕೆನೆಗೆ ಆರೋಪಿಸಲಾಗದು. ಫೈಕೋಸಯನಿನ್ ಸೂಸುವ ಪ್ರತಿದೀಪ್ತಿಯನ್ನು ಅಳೆದು ನೀರಿನಲ್ಲಿ ಇಂತಹ ಪಾಚಿಯ ಹೆಚ್ಚಳವನ್ನು ಮುಂಚಿತವಾಗಿ ಗುರುತಿಸುವ ವಿಧಾನವೂ ಬಳಕೆಯಲ್ಲಿದೆ. ಕೆರೆಗಳ ನಾಡಿಗೆ ಈ ನೀಲಿಯಿಂದ ಒದಗಬಹುದಾದ ನೇರ ಪ್ರಯೋಜನ ಬಹುಶಃ ಈ ಎಚ್ಚರಿಕೆಯೇ.